ಯುದ್ಧ ಮುಗಿದ ದೇಶದಲ್ಲಿ ಶಾಲೆ ಮತ್ತೆ ತೆರೆಯುವಾಗ: ‘ಸದ್ಯಕ್ಕೆ’ ಎಂದು ಮಾಡಿದ್ದು ಎಷ್ಟು ಕಾಲ ಉಳಿಯುತ್ತದೆ?

ಪ್ರಶ್ನೆ: ನಾನು ಮಡಿಕೇರಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿ. ನನ್ನ ಸೋದರಮಾವ ಸೇನೆಯಲ್ಲಿದ್ದವರು. 2000ನೇ ಇಸವಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಂದಿಗೆ ಸಿಯೆರಾ ಲಿಯೋನ್‌ಗೆ ಹೋಗಿ ಬಂದಿದ್ದರು. ಅಲ್ಲಿ ಕಂಡ ಛಾವಣಿಯಿಲ್ಲದ ಶಾಲೆಗಳ ವಿಷಯವನ್ನು ಅವರು ಇಂದಿಗೂ ಹೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಶಾಲೆ ಕೆಲವು ವಾರ ಪರಿಹಾರ ಕೇಂದ್ರವಾಗಿದ್ದಾಗ, ಅಷ್ಟಕ್ಕೇ ನಾವು ದಿಕ್ಕುತಪ್ಪಿದ್ದೆವು. ಹಾಗಿರುವಾಗ ವರ್ಷಗಟ್ಟಲೆ ಯುದ್ಧ ನಡೆದ ಒಂದು ದೇಶ ತನ್ನ ಶಿಕ್ಷಣವನ್ನು ಎಲ್ಲಿಂದ ಮತ್ತೆ ಆರಂಭಿಸುತ್ತದೆ? ಕಟ್ಟಡದಿಂದಲೇ, ಶಿಕ್ಷಕರಿಂದಲೇ, ಪಠ್ಯಪುಸ್ತಕದಿಂದಲೇ? ನಮ್ಮಂಥ ಸಣ್ಣ ಶಾಲೆಗೆ ಅದರಿಂದ ಕಲಿಯುವುದು ಏನಾದರೂ ಇದೆಯೇ?

ಉತ್ತರ: ನೀವು ಕೊಟ್ಟ ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಶಿಕ್ಷಕರನ್ನು ಆರಿಸುತ್ತೇನೆ, ಮತ್ತು ಆ ವಿಷಯದಲ್ಲಿ ನನಗೆ ಸಂಶಯವಿಲ್ಲ. ಆದರೆ ಶಿಕ್ಷಕರ ತರಬೇತಿಯಲ್ಲಿ ಬಹುಕಾಲ ಕೆಲಸ ಮಾಡಿ, ಯುದ್ಧ ಕಂಡ ದೇಶಗಳ ಶಾಲೆಗಳ ಕಥೆಯನ್ನು ಓದುತ್ತ ಬಂದವನಿಗೆ ನಿಮ್ಮ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯೂ ಕಾಣಿಸುತ್ತದೆ. ಎಲ್ಲ ದೇಶಗಳೂ ಹೆಚ್ಚುಕಡಿಮೆ ಒಂದೇ ರೀತಿ ಆರಂಭಿಸುತ್ತವೆ: ಮರದ ನೆರಳು, ಉಳಿದ ಗೋಡೆ, ಸಿಕ್ಕಿದ ಮೇಷ್ಟ್ರು, ಹರಿದ ಪುಸ್ತಕ. ಆ ಅವಸರದಲ್ಲಿ ‘ಸದ್ಯಕ್ಕೆ ಹೀಗಿರಲಿ’ ಎಂದು ಮಾಡಿಕೊಂಡ ಏರ್ಪಾಡುಗಳನ್ನು ಯಾರು, ಯಾವಾಗ ತೆಗೆದರು ಎಂಬಲ್ಲಿ ದೇಶದೇಶಗಳ ದಾರಿ ಬೇರೆಯಾಗುತ್ತದೆ. ತೆಗೆಯದೆ ಬಿಟ್ಟ ತಾತ್ಕಾಲಿಕ ಏರ್ಪಾಡು ಮೂವತ್ತು ವರ್ಷಗಳ ವ್ಯವಸ್ಥೆಯಾಗಿ ನಿಂತಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕಾಂಬೋಡಿಯಾದ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಇಷ್ಟು ಸ್ಪಷ್ಟವಾದ ನಿದರ್ಶನ ಬೇರೆಲ್ಲೂ ಸಿಗುವುದು ಕಷ್ಟ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಣದ ಪಡೆಗಳು ರಾಜಧಾನಿ ನಾಂಪೆನ್ ನಗರವನ್ನು ಹಿಡಿದು ಅಲ್ಲಿದ್ದ ಜನರನ್ನೆಲ್ಲ ಹಳ್ಳಿಗಳಿಗೆ ಅಟ್ಟಿದವು; ಶಾಲೆಗಳು ಮುಚ್ಚಿದವು; ರಾಜಧಾನಿಯ ಒಂದು ಪ್ರೌಢಶಾಲೆ ಸೆರೆಮನೆಯಾಗಿ, ತೂಲ್ ಸ್ಲೆಂಗ್ ಎಂಬ ಹೆಸರಿನಲ್ಲಿ ಚಿತ್ರಹಿಂಸೆಯ ತಾಣವಾಯಿತು. ಓದಿದವರೆಂಬ ಕಾರಣಕ್ಕೇ ಶಿಕ್ಷಕರು ಶಂಕಿತರಾದರು. 1979ರ ಜನವರಿ 7ರಂದು ಆ ಆಡಳಿತ ಬಿದ್ದಾಗ, ಇದ್ದ ಶಿಕ್ಷಕರಲ್ಲಿ ಸುಮಾರು ಮುಕ್ಕಾಲು ಪಾಲು ಸತ್ತಿದ್ದರು ಅಥವಾ ದೇಶ ಬಿಟ್ಟಿದ್ದರು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಸರ್ಕಾರ ಶಾಲಾ ವರ್ಷವನ್ನು ಆರಂಭಿಸಿತು. ಹೆಚ್ಚು ಓದಿದವರು ಕಡಿಮೆ ಓದಿದವರಿಗೆ ಕಲಿಸಬೇಕು, ಕಡಿಮೆ ಓದಿದವರು ಏನೂ ಓದದವರಿಗೆ ಕಲಿಸಬೇಕು ಎಂಬುದು ಆಗಿನ ಘೋಷಣೆ. ಅಕ್ಷರ ಬಲ್ಲವರನ್ನು ಹುಡುಕಿ, ಕೆಲವು ವಾರಗಳ ತರಬೇತಿ ಕೊಟ್ಟು ತರಗತಿಗೆ ಕಳುಹಿಸಿದರು. ನೋಟಿಗೆ ಬೆಲೆಯೇ ಇಲ್ಲದ ಆ ದಿನಗಳಲ್ಲಿ ಅವರಿಗೆ ಸಂಬಳವಾಗಿ ಅಕ್ಕಿ ಅಳೆದು ಕೊಟ್ಟರು.

1979ರಲ್ಲಿ ಇದಕ್ಕಿಂತ ಉತ್ತಮವಾದದ್ದನ್ನು ಯಾರಾದರೂ ಮಾಡಬಹುದಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಹಸಿದ, ತಬ್ಬಲಿಯಾದ ಮಕ್ಕಳನ್ನು ಒಂದೆಡೆ ಕೂರಿಸಿ, ಒಬ್ಬ ದೊಡ್ಡವರು ದಿನಕ್ಕೆ ಮೂರು ಗಂಟೆ ಅವರ ಮುಂದೆ ನಿಂತರೆ ಅದೇ ದೊಡ್ಡ ಚಿಕಿತ್ಸೆ. ತಪ್ಪಾದದ್ದು ಅನಂತರ. ಆಪತ್ಕಾಲದಲ್ಲಿ ಸೇರಿದ ಶಿಕ್ಷಕರಿಗೆ ಬದುಕಲು ಸಾಲುವಷ್ಟು ಸಂಬಳ 1990ರ ದಶಕದಲ್ಲೂ ಬರಲಿಲ್ಲ. ಸಂಬಳ ಸಾಲದ ಶಿಕ್ಷಕರು ಮಕ್ಕಳಿಂದಲೇ ಚಿಲ್ಲರೆ ಹಣ ಪಡೆಯತೊಡಗಿದರು. ಆಮೇಲೆ ಪರೀಕ್ಷೆಯಲ್ಲಿ ಸಹಾಯಕ್ಕೂ ಬೆಲೆ ನಿಗದಿಯಾಯಿತು. ಇದರ ಲೆಕ್ಕ ಹೊರಬಿದ್ದದ್ದು 2014ರಲ್ಲಿ. ಆ ವರ್ಷ ಶಿಕ್ಷಣ ಸಚಿವ ಹಾಂಗ್ ಚುವನ್ ನಾರೊನ್ ಅವರು ಹನ್ನೆರಡನೇ ತರಗತಿಯ ಪರೀಕ್ಷೆಯಲ್ಲಿ ನಕಲನ್ನು ಕಟ್ಟುನಿಟ್ಟಾಗಿ ತಡೆದರು. ಹಿಂದಿನ ವರ್ಷ ನೂರಕ್ಕೆ ಎಂಬತ್ತಕ್ಕೂ ಮೇಲಿದ್ದ ತೇರ್ಗಡೆ ಆ ಬಾರಿ ಮೊದಲ ಸುತ್ತಿನಲ್ಲಿ ಸುಮಾರು ಇಪ್ಪತ್ತಾರಕ್ಕೆ ಇಳಿಯಿತು. ಪರೀಕ್ಷೆಗೆ ಕುಳಿತ ಮಕ್ಕಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಖ್ಮೇರ್ ರೂಜ್ ಆಡಳಿತ ಬಿದ್ದಿತ್ತು; ಆದರೂ ಅವರು ತೆತ್ತದ್ದು ಅದರ ಬಾಕಿಯನ್ನೇ. ಲೈಬೀರಿಯಾದಲ್ಲೂ ಇಂಥದ್ದೇ ಒಂದು ದಿನ ಬಂತು: ಅಂತರ್ಯುದ್ಧ ಮುಗಿದು ಹತ್ತು ವರ್ಷಗಳಾದ ಮೇಲೆ, 2013ರಲ್ಲಿ, ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆ ಬರೆದ ಸುಮಾರು 25,000 ಅಭ್ಯರ್ಥಿಗಳಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ.

ಶಿಕ್ಷಕರಿಂದ ಆರಂಭಿಸಬೇಕು ಎಂದು ನಾನು ಹೇಳಿದ್ದು ಈ ಅರ್ಥದಲ್ಲಿ. ಜನರನ್ನು ತರಗತಿಗೆ ತಂದು ನಿಲ್ಲಿಸುವುದು ಮೊದಲ ಅರ್ಧ ಮಾತ್ರ. ಅವರ ಸಂಬಳ, ಅವರ ಮುಂದಿನ ತರಬೇತಿ, ತಾತ್ಕಾಲಿಕವಾಗಿ ಬಂದವರು ಕಾಯಂ ಶಿಕ್ಷಕರಾಗುವ ದಾರಿ, ಇವು ಉಳಿದರ್ಧ. ಹೊರಗಿನಿಂದ ನೆರವು ಕೊಡುವವರಿಗೆ ಕಟ್ಟಡ ಇಷ್ಟ; ಅದರ ಮೇಲೆ ಫಲಕ ಹಾಕಬಹುದು, ಚಿತ್ರ ತೆಗೆಯಬಹುದು, ಒಂದೇ ಸಲ ಖರ್ಚು ಮಾಡಿ ಕೈತೊಳೆಯಬಹುದು. ಸಂಬಳವೆಂದರೆ ತಿಂಗಳು ತಿಂಗಳೂ, ವರ್ಷ ವರ್ಷವೂ ಬರಬೇಕಾದ ಹಣ; ಅದಕ್ಕೆ ಫಲಕವಿಲ್ಲ. ಅಫ್ಘಾನಿಸ್ತಾನದಲ್ಲಿ 2002ರಲ್ಲಿ ಹಲವು ದೇಶಗಳು ಸೇರಿ ಒಂದು ನಿಧಿಯನ್ನು ಸ್ಥಾಪಿಸಿ, ಅದರಿಂದ ಶಿಕ್ಷಕರೂ ಸೇರಿದಂತೆ ಸರ್ಕಾರಿ ನೌಕರರ ಸಂಬಳವನ್ನು ಭರಿಸಲು ಒಪ್ಪಿದ್ದು ಈ ಕಾರಣಕ್ಕೆ ಮಹತ್ವದ ಹೆಜ್ಜೆಯಾಗಿತ್ತು. (ನಮ್ಮ ಅತಿಥಿ ಶಿಕ್ಷಕರ ಕಷ್ಟ ಬಲ್ಲ ನಿಮಗೆ ‘ತಾತ್ಕಾಲಿಕ’ ಎಂಬ ಪದ ಎಷ್ಟು ಉದ್ದಕ್ಕೆ ಎಳೆಯಬಲ್ಲದು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಅದಕ್ಕೆ ಯುದ್ಧವೇನೂ ಬೇಕಿಲ್ಲ.)

ಅಫ್ಘಾನಿಸ್ತಾನದ ಮಾತು ಬಂದದ್ದರಿಂದ ಕಟ್ಟಡದ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಅಲ್ಲಿನ ಘೋರ್ ಪ್ರಾಂತ್ಯದ 31 ಗ್ರಾಮಗಳಲ್ಲಿ 2007ರ ಸುಮಾರಿಗೆ ಒಂದು ಪ್ರಯೋಗ ನಡೆಯಿತು. ಹಲವು ಹಳ್ಳಿಗಳಿಗೆ ಸೇರಿ ದೂರದಲ್ಲೊಂದು ದೊಡ್ಡ ಶಾಲೆ ಇಡುವ ಬದಲು, ಕೆಲವು ಹಳ್ಳಿಗಳಲ್ಲಿ ಊರಿನೊಳಗೇ, ಯಾರದೋ ಮನೆಯಲ್ಲಿ ಅಥವಾ ಮಸೀದಿಯಲ್ಲಿ, ಊರಿನ ಓದುಬಲ್ಲ ಒಬ್ಬರನ್ನೇ ಶಿಕ್ಷಕರಾಗಿ ಮಾಡಿ ಪುಟ್ಟ ಶಾಲೆ ತೆರೆದರು. ಅಂಥ ಹಳ್ಳಿಗಳಲ್ಲಿ ಶಾಲೆಗೆ ಸೇರಿದ ಮಕ್ಕಳ ಪ್ರಮಾಣ ಉಳಿದ ಹಳ್ಳಿಗಳಿಗಿಂತ ಪ್ರತಿ ನೂರು ಮಕ್ಕಳಿಗೆ ಸುಮಾರು 42 ಮಕ್ಕಳಷ್ಟು ಹೆಚ್ಚಾಯಿತು. ಹುಡುಗರಿಗೂ ಹುಡುಗಿಯರಿಗೂ ನಡುವೆ ಇದ್ದ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಹೆಣ್ಣುಮಕ್ಕಳನ್ನು ಕಳುಹಿಸಲು ತಂದೆತಾಯಿಯರಿಗೆ ಅಡ್ಡಿಯಾಗಿದ್ದದ್ದು ಮುಖ್ಯವಾಗಿ ದೂರ ಎಂಬುದು ಇದರಿಂದ ಗೊತ್ತಾಯಿತು. ಮಳೆಗಾಲದಲ್ಲಿ ತೋಟದ ಲೈನ್ ಮನೆಯಿಂದ ಶಾಲೆಗೆ ನಡೆಯುವ ಮಗುವನ್ನು, ಕಾಡಂಚಿನ ಹಾಡಿಯಿಂದ ಆನೆಯ ಭಯದ ನಡುವೆ ಬರುವ ಮಗುವನ್ನು ಬಲ್ಲ ಕೊಡಗಿನವರಿಗೆ ಇದು ಹೊಸ ವಿಷಯವಾಗಿರಲಾರದು. 2021ರಲ್ಲಿ ಆಡಳಿತ ಬದಲಾಗಿ, ಹೆಣ್ಣುಮಕ್ಕಳು ಆರನೇ ತರಗತಿಯ ಆಚೆಗೆ ಓದುವುದನ್ನೇ ತಡೆದ ಮೇಲೆ ಆ ಪ್ರಯತ್ನದ ಬಹುಭಾಗ ಅರ್ಧಕ್ಕೇ ನಿಂತದ್ದು ನಿಮಗೆ ತಿಳಿದೇ ಇದೆ.

ಇನ್ನು ನಿಮ್ಮ ಸೋದರಮಾವ ಕಂಡ ಸಿಯೆರಾ ಲಿಯೋನ್. 1991ರಲ್ಲಿ ಆರಂಭವಾದ ಆ ಯುದ್ಧ ಮುಗಿದದ್ದು 2002ರ ಜನವರಿಯಲ್ಲಿ. ಹನ್ನೊಂದು ವರ್ಷ ಎಂದರೆ, ಒಂದನೇ ತರಗತಿಗೆ ಸೇರಬೇಕಿದ್ದ ಮಗು ಅಕ್ಷರ ಕಲಿಯದೆ ಹದಿನೇಳರ ತರುಣನಾಗುವಷ್ಟು ಕಾಲ. ಅವನನ್ನು ಆರು ವರ್ಷದ ಮಕ್ಕಳ ಜೊತೆ ಬೆಂಚಿನ ಮೇಲೆ ಕೂರಿಸಿದರೆ ಅವನು ಮೂರನೇ ದಿನ ಬರುವುದಿಲ್ಲ. ಆದ್ದರಿಂದ ಆರು ವರ್ಷಗಳ ಪ್ರಾಥಮಿಕ ಪಠ್ಯವನ್ನು ಮೂರು ವರ್ಷಗಳಿಗೆ ಅಡಕಗೊಳಿಸಿದ ತ್ವರಿತ ಕಲಿಕೆಯ ಕಾರ್ಯಕ್ರಮವೊಂದನ್ನು ರೂಪಿಸಿದರು. ವರ್ಷಾರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ನಮ್ಮ ‘ಸೇತುಬಂಧ’ವನ್ನು ಕೆಲವು ವಾರಗಳಿಂದ ಮೂರು ವರ್ಷಗಳಿಗೆ ಹಿಗ್ಗಿಸಿದಂತೆ ಎಂದು ಊಹಿಸಿಕೊಳ್ಳಿ. ಇದರ ಗುಣವೆಂದರೆ ಅದು ತನ್ನ ಅಂತ್ಯವನ್ನು ತನ್ನೊಳಗೇ ಇಟ್ಟುಕೊಂಡಿತ್ತು: ವಯಸ್ಸು ಮೀರಿದ ಮಕ್ಕಳ ಆ ಒಂದು ತಲೆಮಾರು ದಾಟಿದ ಮೇಲೆ ಅದರ ಅಗತ್ಯವೇ ಇರುವುದಿಲ್ಲ. ತಾತ್ಕಾಲಿಕ ಏರ್ಪಾಡು ಹೀಗಿರಬೇಕು.

ಆ ದೇಶದ ಇನ್ನೊಂದು ಕ್ರಮ ನನಗೆ ಅದಕ್ಕಿಂತಲೂ ಮೆಚ್ಚುಗೆಯಾದದ್ದು. ಬಂದೂಕು ಹಿಡಿದಿದ್ದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲು ಮುಖ್ಯೋಪಾಧ್ಯಾಯರು ಹಿಂಜರಿಯುತ್ತಿದ್ದರು. ಸೇರಿಸಿದರೆ ಉಳಿದ ತಂದೆತಾಯಿಯರ ಸಿಟ್ಟು. ಮನೆ ಸುಟ್ಟವನಿಗೆ ಉಚಿತ ಪುಸ್ತಕ, ಮನೆ ಕಳೆದುಕೊಂಡ ನನ್ನ ಮಗುವಿಗೆ ಏನೂ ಇಲ್ಲವೇ ಎಂದು ಯಾರಾದರೂ ಕೇಳುವ ಮಾತೇ. ಅದಕ್ಕೆ ಯುನಿಸೆಫ್ ಒಂದು ಉಪಾಯ ಮಾಡಿತು. ನೆರವನ್ನು ಆ ಮಗುವಿನ ಕೈಗೆ ಕೊಡದೆ, ಅಂಥ ಮಕ್ಕಳನ್ನು ಸೇರಿಸಿಕೊಂಡ ಶಾಲೆಗೆ ಕೊಟ್ಟಿತು. ಪುಸ್ತಕ, ಆಟದ ಸಾಮಗ್ರಿ, ಬೋಧನೆಯ ಸಲಕರಣೆ ಎಲ್ಲ ಮಕ್ಕಳಿಗೂ ಸಮನಾಗಿ ದಕ್ಕಿದವು. ಯಾರಿಗಾಗಿ ಬಂದಿತೋ ಆ ಮಗು ಶಾಲೆಗೆ ಹೊರೆಯಾಗುವ ಬದಲು ಶಾಲೆಗೆ ಸೌಕರ್ಯ ತಂದವನಾದ. 2018ರಲ್ಲಿ ಸಂತ್ರಸ್ತ ಮಕ್ಕಳಿಗೆಂದು ಹೊರ ಊರುಗಳಿಂದ ಬಂದ ಬ್ಯಾಗು, ಕೊಡೆ, ನೋಟ್ ಪುಸ್ತಕಗಳನ್ನು ಹೆಸರು ಕೂಗಿ ಹಂಚುವಾಗ, ಹಿಂದಿನ ಸಾಲಿನಲ್ಲಿ ಸುಮ್ಮನೆ ನೋಡುತ್ತಿದ್ದ ಕೂಲಿಯವರ ಮಕ್ಕಳ ಮುಖ ನನಗೆ ನೆನಪಿದೆ. ಆಗ ನಮ್ಮಲ್ಲಿ ಯಾರಿಗೂ ಇದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಏನನ್ನು ಕಲಿಸಬೇಕು ಎಂಬ ಪ್ರಶ್ನೆ ಇದಕ್ಕಿಂತ ಕಠಿಣ, ಏಕೆಂದರೆ ಅನೇಕ ಕಡೆ ಯುದ್ಧಕ್ಕೆ ಬೇಕಾದ ದ್ವೇಷವನ್ನು ಬಿತ್ತಿದ್ದರಲ್ಲಿ ಶಾಲೆಯ ಪಾಲೂ ಇರುತ್ತದೆ. ರುವಾಂಡಾದಲ್ಲಿ 1994ಕ್ಕೆ ಮೊದಲು ತರಗತಿಯಲ್ಲಿ ಹುಟು ಮಕ್ಕಳು ಎದ್ದು ನಿಲ್ಲಿ, ಟುಟ್ಸಿ ಮಕ್ಕಳು ಎದ್ದು ನಿಲ್ಲಿ ಎಂದು ಎಣಿಸುವ ರೂಢಿಯಿತ್ತು. ಮುಂದಿನ ಶಿಕ್ಷಣಕ್ಕೆ ಜನಾಂಗವಾರು ಮಿತಿಯಿತ್ತು. ಆ ವರ್ಷದ ಏಪ್ರಿಲ್‌ನಿಂದ ಜುಲೈವರೆಗಿನ ಸುಮಾರು ನೂರು ದಿನಗಳ ನರಮೇಧದಲ್ಲಿ ಎಂಟು ಲಕ್ಷದಷ್ಟು ಜನ, ಬಹುಪಾಲು ಟುಟ್ಸಿಗಳು, ಹತರಾದರು. ಸೆಪ್ಟೆಂಬರ್‌ನಲ್ಲಿ ಪ್ರಾಥಮಿಕ ಶಾಲೆಗಳು ಮತ್ತೆ ತೆರೆದವು, ಮತ್ತು ಅದು ಸಣ್ಣ ಸಾಧನೆಯಲ್ಲ. ಮುಚ್ಚಳಕ್ಕೆ ಕಪ್ಪು ಬಣ್ಣ ಬಳಿದು ಕರಿಹಲಗೆಯಾಗಿ ಬಳಸುವ, ಸ್ಲೇಟು, ಸೀಮೆಸುಣ್ಣ, ಪೆನ್ಸಿಲುಗಳನ್ನು ತುಂಬಿದ ‘ಪೆಟ್ಟಿಗೆಯ ಶಾಲೆ’ ಎಂಬ ಏರ್ಪಾಡು ಹೆಸರಾದದ್ದು ಅಂಥ ಸನ್ನಿವೇಶಗಳಲ್ಲೇ. ಆದರೆ ಇತಿಹಾಸ ಪಾಠವನ್ನು ನಿಲ್ಲಿಸಿದರು. ಹಳೆಯ ಇತಿಹಾಸ ವಿಷ, ಹೊಸದನ್ನು ಬರೆಯುವ ತನಕ ಬೇಡ ಎಂಬುದು ಅರ್ಥವಾಗುವ ನಿರ್ಧಾರವೇ. ಹೊಸದನ್ನು ಬರೆಯುವುದು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಯಿತು; ಒಂದು ಪೀಳಿಗೆಯ ಮಕ್ಕಳು ತಮ್ಮ ಮನೆಗಳಲ್ಲಿ ಪಿಸುಮಾತಾಗಿ ಕೇಳಿದ್ದನ್ನು ಶಾಲೆಯಲ್ಲಿ ಯಾರ ಬಳಿಯೂ ಕೇಳಲಾಗದೆ ದೊಡ್ಡವರಾದರು.

ಜಪಾನಿನವರು ಇದನ್ನು ಬೇರೆ ರೀತಿ ನಿಭಾಯಿಸಿದರು. 1945ರ ಆಗಸ್ಟ್‌ನಲ್ಲಿ ಸೋತ ಮೇಲೆ ಹೊಸ ಪುಸ್ತಕ ಮುದ್ರಿಸಲು ಕಾಗದವೂ ಇಲ್ಲ, ಸಮಯವೂ ಇಲ್ಲ. ಆದ್ದರಿಂದ ಇದ್ದ ಪುಸ್ತಕಗಳಲ್ಲಿ ಸೇನೆಯನ್ನೂ ಯುದ್ಧವನ್ನೂ ಹೊಗಳುವ ಸಾಲುಗಳ ಮೇಲೆ ಮಸಿ ಬಳಿಯುವಂತೆ ಮಕ್ಕಳಿಗೇ ಹೇಳಿದರು. ನೆನ್ನೆಯವರೆಗೆ ತಲೆಬಾಗಿ ಓದಿಸಿದ ಪಾಠವನ್ನು ಅದೇ ಶಿಕ್ಷಕರು ‘ಇಷ್ಟನೇ ಪುಟ, ಇಷ್ಟನೇ ಸಾಲಿನಿಂದ ಇಷ್ಟನೇ ಸಾಲಿನವರೆಗೆ’ ಎಂದು ಅಳಿಸಲು ಹೇಳಿದ ಆ ಗಂಟೆಯನ್ನು ಆ ತಲೆಮಾರಿನ ಜಪಾನೀಯರು ಮುಪ್ಪಿನವರೆಗೂ ನೆನೆಯುತ್ತಿದ್ದರು. ದೊಡ್ಡವರ ಮಾತಿನ ಮೇಲಿನ ನಂಬಿಕೆ ಹೋದದ್ದು ಅಂದೇ ಎಂದವರೂ ಇದ್ದಾರೆ. ಅದರ ಜೊತೆಗೆ ನೀತಿಬೋಧೆ, ಇತಿಹಾಸ, ಭೂಗೋಳ ಮೂರೂ ವರ್ಷಾಂತ್ಯಕ್ಕೆ ನಿಂತವು. ಆದರೆ ಹೊಸ ಪಠ್ಯಗಳು ಬೇಗ ಬಂದವು, ಮತ್ತು 1947ರ ಮಾರ್ಚ್‌ನಲ್ಲಿ ಶಿಕ್ಷಣದ ಮೂಲ ಕಾನೂನು ಜಾರಿಯಾಗಿ ಒಂಬತ್ತು ವರ್ಷಗಳ ಕಡ್ಡಾಯ ಶಿಕ್ಷಣ ನಿಗದಿಯಾಯಿತು. ಮಸಿ ಬಳಿದ ಪುಸ್ತಕ ಎರಡು ಮೂರು ವರ್ಷಗಳಲ್ಲಿ ಕೈಬಿಟ್ಟಿತು. ಕಟ್ಟಡಗಳೇ ಇಲ್ಲದೆ ಹೊಸ ಮಾಧ್ಯಮಿಕ ಶಾಲೆಗಳನ್ನು ಬಯಲಿನಲ್ಲಿ ನಡೆಸಿದರು, ಅದನ್ನು ‘ನೀಲಿ ಆಕಾಶದ ತರಗತಿ’ ಎಂದು ಕರೆದುಕೊಂಡರು.

ಅದೇ ಸಂದರ್ಭದಲ್ಲಿ ಅಮೆರಿಕದಿಂದ ಬಂದ ತಜ್ಞರ ತಂಡ ಕೊಟ್ಟ ಸಲಹೆಗಳ ಗತಿ ಏನಾಯಿತು ಎಂಬುದೂ ಗಮನಿಸಬೇಕಾದದ್ದು. ಜಪಾನೀ ಲಿಪಿ ಕಷ್ಟ, ರೋಮನ್ ಅಕ್ಷರಕ್ಕೆ ಬದಲಾಯಿಸಿ ಎಂದು 1946ರಲ್ಲಿ ಆ ತಂಡ ಹೇಳಿತು. ಜಪಾನೀಯರು ವಿನಯದಿಂದ ಕೇಳಿಸಿಕೊಂಡು ತಮ್ಮ ಲಿಪಿಯನ್ನೇ ಉಳಿಸಿಕೊಂಡರು. ಚುನಾಯಿತ ಶಿಕ್ಷಣ ಮಂಡಳಿಗಳು 1948ರಲ್ಲಿ ಬಂದು 1956ರಲ್ಲಿ ನೇಮಕಗೊಂಡ ಮಂಡಳಿಗಳಾದವು. ಒಂಬತ್ತು ವರ್ಷಗಳ ಶಿಕ್ಷಣ ಮಾತ್ರ ಬೇರೂರಿತು, ಏಕೆಂದರೆ ಜಪಾನಿನ ತಂದೆತಾಯಿಯರು ಅದನ್ನು ಮೊದಲಿನಿಂದ ಬಯಸಿದ್ದರು. ಆಕ್ರಮಿಸಿಕೊಂಡ ಸೇನೆಯ ಬಲವಿದ್ದೂ ಬೇರಿಲ್ಲದ್ದು ನಿಲ್ಲಲಿಲ್ಲ.

ಮಕ್ಕಳು ಯಾರ ಜೊತೆ ಕೂರುತ್ತಾರೆ ಎಂಬುದಕ್ಕೆ ಬೋಸ್ನಿಯಾವನ್ನು ನೋಡಬೇಕು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಭಾಗ ಇದು. 1995ರ ಡೇಟನ್ ಒಪ್ಪಂದ ಯುದ್ಧವನ್ನು ನಿಲ್ಲಿಸಿತು, ಆದರೆ ಶಿಕ್ಷಣವನ್ನು ಇಡೀ ದೇಶಕ್ಕೆ ಒಂದಾಗಿ ಇಡದೆ ಕೆಳಗಿನ ಆಡಳಿತಗಳಿಗೆ ಹಂಚಿಬಿಟ್ಟಿತು. ಬೋಸ್ನಿಯಾಕ್ (ಬೋಸ್ನಿಯಾದ ಮುಸ್ಲಿಂ) ಮತ್ತು ಕ್ರೊಯೇಟ್ ಜನರಿರುವ ಭಾಗದಲ್ಲೇ ಹತ್ತು ಪ್ರಾಂತ್ಯಗಳು, ಪ್ರತಿಯೊಂದಕ್ಕೂ ಅದರದೇ ಶಿಕ್ಷಣ ಸಚಿವಾಲಯ. ಓಡಿಹೋಗಿದ್ದ ಕುಟುಂಬಗಳು ತಮ್ಮ ಊರಿಗೆ ಮರಳಿದಾಗ, ಅಲ್ಲಿನ ಶಾಲೆ ಈಗ ಎದುರಾಳಿ ಸಮುದಾಯದ ಪಠ್ಯಕ್ರಮದಲ್ಲಿ ನಡೆಯುತ್ತಿತ್ತು. ಅವರ ಮಕ್ಕಳನ್ನು ಹೇಗಾದರೂ ಶಾಲೆಗೆ ತರಲೆಂದು ಒಂದು ತಾತ್ಕಾಲಿಕ ಉಪಾಯ ಹುಡುಕಿದರು: ಒಂದೇ ಕಟ್ಟಡದಲ್ಲಿ ಎರಡು ಶಾಲೆಗಳು. ಬೋಸ್ನಿಯಾಕ್ ಮಕ್ಕಳಿಗೆ ಒಂದು ಬಾಗಿಲು, ಕ್ರೊಯೇಟ್ ಮಕ್ಕಳಿಗೆ ಇನ್ನೊಂದು. ಬೇರೆ ಪಾಳಿ, ಬೇರೆ ಪುಸ್ತಕ, ಬೇರೆ ಮುಖ್ಯೋಪಾಧ್ಯಾಯರು. ಕೆಲವೆಡೆ ಅಂಗಳಕ್ಕೂ ಬೇಲಿ. ಮಕ್ಕಳು ಮನೆಯಲ್ಲಿ ಆಡುವ ಮಾತು ಪರಸ್ಪರ ಚೆನ್ನಾಗಿಯೇ ಅರ್ಥವಾಗುತ್ತದೆ ಎಂಬುದನ್ನು ಮರೆಯಬೇಡಿ.

ವರ್ಷವೆರಡು ವರ್ಷಕ್ಕೆಂದು ಮಾಡಿದ ಆ ಏರ್ಪಾಡಿನಲ್ಲಿ ಐವತ್ತಕ್ಕೂ ಹೆಚ್ಚು ಶಾಲೆಗಳು ಸೇರಿಕೊಂಡವು. ಎರಡೆರಡು ಮುಖ್ಯೋಪಾಧ್ಯಾಯರ ಹುದ್ದೆ ಎಂದರೆ ಎರಡೆರಡು ಪಕ್ಷಗಳಿಗೆ ಹಂಚಲು ಹುದ್ದೆ, ತೆಗೆಯುವವರು ಯಾರು? 2014ರಲ್ಲಿ ಆ ಭಾಗದ ಸರ್ವೋಚ್ಚ ನ್ಯಾಯಾಲಯ ಇದು ತಾರತಮ್ಯವೆಂದು ತೀರ್ಪಿತ್ತರೂ ಬಾಗಿಲುಗಳು ಒಂದಾಗಲಿಲ್ಲ. ಕೊನೆಗೆ ಗಟ್ಟಿಯಾಗಿ ಮಾತಾಡಿದವರು ಮಕ್ಕಳೇ. ಯಾಯ್ಟ್ಸೆ ಎಂಬ ಪಟ್ಟಣದಲ್ಲಿ ಒಟ್ಟಿಗೆ ಓದುತ್ತಿದ್ದ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಬೇರ್ಪಡಿಸಿ ಹೊಸ ಶಾಲೆ ತೆರೆಯಲು ಅಧಿಕಾರಿಗಳು ಹೊರಟಾಗ, 2016 ಮತ್ತು 2017ರಲ್ಲಿ ಅವರು ಬೀದಿಗಿಳಿದು ಪ್ರತಿಭಟಿಸಿ ಆ ಯೋಜನೆಯನ್ನು ತಡೆದರು. ಅದೇ ದೇಶದ ಬ್ರಚ್ಕೊ ಜಿಲ್ಲೆಯಲ್ಲಿ ಮಾತ್ರ, ಅಂತರರಾಷ್ಟ್ರೀಯ ಮೇಲ್ವಿಚಾರಣೆಯಲ್ಲಿ, 2001ರಿಂದಲೇ ಬೋಸ್ನಿಯಾಕ್, ಕ್ರೊಯೇಟ್, ಸರ್ಬ್ ಮೂರೂ ಸಮುದಾಯಗಳ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಿದರು. ಆರಂಭದಲ್ಲಿ ಗಲಾಟೆಯಾಯಿತು; ಆಮೇಲೆ ರೂಢಿಯಾಯಿತು. ಬೇರ್ಪಡಿಸುವುದೂ ರೂಢಿಯಾಗುತ್ತದೆ, ಕೂಡಿಸುವುದೂ ರೂಢಿಯಾಗುತ್ತದೆ, ಯಾವುದನ್ನು ಮೊದಲು ಮಾಡುತ್ತೀರೋ ಅದು.

ಭಾಷೆಯ ಪ್ರಶ್ನೆಗೆ ಎರಡು ದೇಶ ಸಾಕು. ಹಿಂದೆ ಪೋರ್ಚುಗೀಸರ ವಸಾಹತಾಗಿದ್ದು ಆಮೇಲೆ ಇಂಡೊನೇಷ್ಯಾದ ವಶದಲ್ಲಿದ್ದ ಪೂರ್ವ ಟಿಮೋರ್‌ನಲ್ಲಿ, ಸ್ವಾತಂತ್ರ್ಯದ ಬಗೆಗಿನ 1999ರ ಜನಮತಗಣನೆಯ ನಂತರದ ಹಿಂಸೆಯಲ್ಲಿ ಬಹುಪಾಲು ಶಾಲಾ ಕಟ್ಟಡಗಳು ನಾಶವಾದವು, ಇಂಡೊನೇಷ್ಯಾದಿಂದ ಬಂದಿದ್ದ ಪ್ರೌಢಶಾಲಾ ಶಿಕ್ಷಕರು ಹೊರಟುಹೋದರು. 2002ರಲ್ಲಿ ಸ್ವತಂತ್ರವಾದ ದೇಶ ಪೋರ್ಚುಗೀಸ್ ಮತ್ತು ಟೆಟುಮ್‌ಗಳನ್ನು ಅಧಿಕೃತ ಭಾಷೆಗಳಾಗಿ ಆರಿಸಿತು. ಹೋರಾಟದ ಹಿರಿಯರಿಗೆ ಪೋರ್ಚುಗೀಸ್ ತಮ್ಮ ಗುರುತು; ಆದರೆ ಉಳಿದಿದ್ದ ಕಿರಿಯ ಶಿಕ್ಷಕರು ಓದಿದ್ದು ಇಂಡೊನೇಷ್ಯಾದ ಭಾಷೆಯಲ್ಲಿ, ಮಕ್ಕಳು ಮನೆಯಲ್ಲಿ ಆಡುವುದು ಟೆಟುಮ್ ಅಥವಾ ಇನ್ನೂ ಹತ್ತಾರು ನುಡಿಗಳಲ್ಲಿ ಒಂದನ್ನು. ಶಿಕ್ಷಕರಿಗೇ ಬಾರದ ಭಾಷೆಯಲ್ಲಿ ಗಣಿತ ಕಲಿಸಬೇಕಾಯಿತು. ರುವಾಂಡಾ 2008ರಲ್ಲಿ ಫ್ರೆಂಚ್ ಬಿಟ್ಟು ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿದಾಗಲೂ ಇದೇ ಕಥೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ನುಡಿ, ಮಲಯಾಳ, ತುಳು ಆಡುವ, ಈಗ ತೋಟಗಳಿಗೆ ಅಸ್ಸಾಮಿನಿಂದ ಬಂದವರ ಭಾಷೆಗಳನ್ನೂ ಆಡುವ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡಿರುವ ನಿಮಗೆ, ಭಾಷೆ ಬಾರದ ಮಗುವನ್ನು ದಡ್ಡ ಎಂದುಕೊಳ್ಳುವುದು ಎಷ್ಟು ಸುಲಭ ಎಂಬುದು ಗೊತ್ತು.

ಕೊಡಗಿನವರಾದ ನಾವು ಕೊರಿಯಾವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯನವರು 1953ರಲ್ಲಿ ಅಲ್ಲಿಗೆ ಹೋದದ್ದು, ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ವಿಷಯವನ್ನು ಇತ್ಯರ್ಥಪಡಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ. ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯವಾಗಿರುವುದರಿಂದ ಆ ಕಥೆ ನಿಮ್ಮ ಮಕ್ಕಳಿಗೂ ತಿಳಿದಿರಬಹುದು. ಅವರು ಅಲ್ಲಿಂದ ಹಿಂದಿರುಗಿದ ವರ್ಷ, 1954ರಲ್ಲಿ, ದಕ್ಷಿಣ ಕೊರಿಯಾ ಆರು ವರ್ಷಗಳ ಕಡ್ಡಾಯ ಶಿಕ್ಷಣದ ಯೋಜನೆಯನ್ನು ಕೈಗೆತ್ತಿಕೊಂಡಿತು. ಅದೇ ಸುಮಾರಿಗೆ ವಿಶ್ವಸಂಸ್ಥೆಯ ಸಂಸ್ಥೆಗಳ ನೆರವಿನಿಂದ ಸೋಲ್‌ನಲ್ಲಿ ಪಠ್ಯಪುಸ್ತಕಗಳ ಮುದ್ರಣಾಲಯ ಎದ್ದಿತು. ಆ ಪುಸ್ತಕಗಳಲ್ಲಿ ಓದಿದ ಹುಡುಗ ಬಾನ್ ಕಿ ಮೂನ್ ಮುಂದೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿ ಅದನ್ನು ಆಗಾಗ ನೆನೆಯುತ್ತಿದ್ದರು. ಕೊರಿಯಾದವರು ಮಾಡಿಕೊಂಡ ರಾಜಿ ಬಿಚ್ಚುಮಾತಿನದು: ಮೊದಲು ಎಲ್ಲರೂ ಬರಲಿ, ತರಗತಿಗೆ ಅರವತ್ತು ಮೀರಿದರೂ ಪರವಾಗಿಲ್ಲ, ಪಾಳಿಯಲ್ಲಾದರೂ ನಡೆಯಲಿ, ಗುಣಮಟ್ಟ ಆಮೇಲೆ. ‘ಆಮೇಲೆ’ ಎಂಬುದು ಅಲ್ಲಿ ಬಂದದ್ದರಿಂದ ಆ ರಾಜಿಯನ್ನು ನಾವು ಈಗ ದೂರದೃಷ್ಟಿ ಎನ್ನುತ್ತೇವೆ. ಅದರ ಭಾರದ ಬಹುಪಾಲನ್ನು ಶುಲ್ಕಗಳ ರೂಪದಲ್ಲಿ ಹೊತ್ತವರು ಬಡ ತಂದೆತಾಯಿಯರು ಎಂಬುದನ್ನು ಹೊಗಳುವವರು ಅಷ್ಟಾಗಿ ಹೇಳುವುದಿಲ್ಲ.

ಇಷ್ಟು ದೂರ ಹೋಗದೆಯೂ ಒಂದು ಪಾಠ ನಮಗೆ ಕುಶಾಲನಗರದಿಂದ ಕಾವೇರಿ ದಾಟಿದರೆ ಸಿಗುತ್ತದೆ. ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರು ಬಂದಾಗ, ಇಂದೋ ನಾಳೆಯೋ ಹಿಂದಿರುಗುತ್ತೇವೆ ಎಂಬ ಆಸೆ ಅವರಲ್ಲಿತ್ತು. ಆದರೂ ಮಕ್ಕಳ ಶಾಲೆಯನ್ನು ಅವರು ಬಿಡಾರದಂತೆ ಕಟ್ಟಲಿಲ್ಲ. 1961ರಲ್ಲಿ ಭಾರತ ಸರ್ಕಾರ ಟಿಬೆಟನ್ ಶಾಲೆಗಳಿಗೆಂದೇ ಒಂದು ಸ್ವಾಯತ್ತ ಸಂಸ್ಥೆಯನ್ನು ರಚಿಸಿತು. ಇಲ್ಲಿನ ಪರೀಕ್ಷೆಗೆ ಒಪ್ಪುವ ಪಠ್ಯಕ್ರಮ, ಅದರ ಜೊತೆಯಲ್ಲಿ ತಮ್ಮ ಭಾಷೆ ಮತ್ತು ಧರ್ಮ. ಮುಂದೆ ಪ್ರಾಥಮಿಕ ಹಂತದಲ್ಲಿ ಟಿಬೆಟನ್ ಭಾಷೆಯೇ ಮಾಧ್ಯಮವಾಯಿತು. ಇಲ್ಲಿಯ ಪ್ರಮಾಣಪತ್ರ ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದು, ಮನೆಗೆ ಬಂದು ಅಜ್ಜಿಯ ಜೊತೆ ಮಾತಾಡಲೂಬಹುದು. ನಿರಾಶ್ರಿತರ ಶಿಬಿರಗಳಲ್ಲಿ ಹತ್ತು ವರ್ಷ ಓದಿಯೂ ಎಲ್ಲೂ ಸಲ್ಲದ ಕಾಗದ ಹಿಡಿದು ನಿಂತ ಮಕ್ಕಳು ಲೋಕದಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಇನ್ನು ನಿಮ್ಮ ಶಾಲೆಯ ಮಾತು. ಜೋಡುಪಾಲ, ಮಕ್ಕಂದೂರು, ಮಾದಾಪುರದ ಕಡೆ ಆದದ್ದು ಯುದ್ಧವಲ್ಲ, ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಆದರೆ ಶಾಲೆಯನ್ನು ಪರಿಹಾರ ಕೇಂದ್ರವಾಗಿ ಬಿಟ್ಟುಕೊಡುವ ವಿಷಯದಲ್ಲಿ, ಯುದ್ಧ ಮತ್ತು ವಿಕೋಪಗಳ ಸಂದರ್ಭದ ಶಿಕ್ಷಣಕ್ಕಾಗಿ 2004ರಲ್ಲಿ ಸಿದ್ಧಪಡಿಸಿದ ಅಂತರರಾಷ್ಟ್ರೀಯ ಕನಿಷ್ಠ ಮಾನದಂಡಗಳ ಹಿಂದಿರುವ ತಿಳಿವಳಿಕೆ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ: ಬೇರೆ ಜಾಗವೇ ಇಲ್ಲದಿದ್ದರೆ ಮಾತ್ರ ಶಾಲೆ ಕೊಡಬೇಕು, ಮತ್ತು ಕೊಡುವ ದಿನವೇ ಹಿಂದಕ್ಕೆ ಪಡೆಯುವ ದಿನವನ್ನೂ ಬರೆದುಕೊಳ್ಳಬೇಕು. ಮಳೆಗಾಲಕ್ಕೆ ಮೊದಲು ನಿಮ್ಮ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಒಂದು ವಿಷಯವನ್ನು ಇಡಿ. ಯಾವ ಎರಡು ಕೊಠಡಿಗಳನ್ನು ಕೇಂದ್ರಕ್ಕೆ ಕೊಡುವುದಿಲ್ಲ, ಬಂದ ಕುಟುಂಬಗಳ ಮಕ್ಕಳಿಗೂ ನಿಮ್ಮ ಮಕ್ಕಳಿಗೂ ಒಟ್ಟಿಗೇ ಮರುದಿನದಿಂದ ಅಲ್ಲಿ ಪಾಠ ಯಾರು ಮಾಡುತ್ತಾರೆ, ಬಿಸಿಯೂಟದ ಅಡುಗೆಮನೆಯ ಬೀಗದ ಕೈ ಯಾರ ಬಳಿ ಇರುತ್ತದೆ, ಇಷ್ಟನ್ನು ನಡಾವಳಿಯಲ್ಲಿ ಬರೆಸಿ ಪಂಚಾಯಿತಿಗೆ ಒಂದು ಪ್ರತಿ ಕೊಡಿ. ಜೊತೆಗೆ ದಾಖಲಾತಿ ಪುಸ್ತಕದ ಪುಟಗಳ ಚಿತ್ರ ತೆಗೆದು ಊರಿನ ಆಚೆ ಇರುವ ಯಾರಾದರೊಬ್ಬರ ಬಳಿ ಇರಿಸಿ. ಹೊಸ ಊರಿನ ಶಾಲೆಯ ಮುಂದೆ ನಿಂತ ಮಗುವಿಗೆ ತಾನು ಎಷ್ಟನೇ ತರಗತಿ ಎಂದು ತೋರಿಸಲು ಬೇರೆ ಆಧಾರ ಇರಲಾರದು. ನಿಮ್ಮ ಸೋದರಮಾವನವರನ್ನು ಒಂದು ದಿನ ಏಳನೇ ತರಗತಿಗೆ ಕರೆದುಕೊಂಡು ಬನ್ನಿ, ಆ ಛಾವಣಿಯಿಲ್ಲದ ಶಾಲೆಯಲ್ಲಿ ಪಾಠ ನಡೆಯುತ್ತಿತ್ತೇ, ಮಾಡುತ್ತಿದ್ದವರು ಯಾರು ಎಂದು ಮಕ್ಕಳೇ ಅವರನ್ನು ಕೇಳಲಿ.